ನಾಲ್ಕು ಹುಣಸೆ ಬೀಜ

ರಸ್ತೆ ಕೆಡಿಸುತ್ತವೆಂದು ಸಣ್ಣ ಹಳಿಯ ಎತ್ತಿನ ಗಾಡಿಗಳನ್ನು ಸರಕಾರ ಇನ್ನು ಮುಂದೆ ಖಡಿ ಹಾಕಿದ ರಸ್ತೆಯ ಮೇಲೆ ಬಿಡುವುದಿಲ್ಲವಂತೆ ಎಂಬ ಸುದ್ದಿ ಹುಬ್ಬಳ್ಳಿಗೆ ಬಂದಾಗ ನಾನು ಒಂದು ಗಾಲಿಗೆ ಹಳಿ ಕಟ್ಟುತ್ತಿದ್ದೆ. ಹಳಿ ಎಂದರೆ ಗಾಲಿಯ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿ. ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಇಕ್ಕಳದಿಂದ ಹಿಡಿದು ಗಾಲಿಯ ಮೇಲೆ ಇಳಿಸಿ, ಕಟ್ಟಿಗೆ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಕಬ್ಬಿಣ ಕುಗ್ಗಿ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಆ ಹೊತ್ತಿಗೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಆದರೆ ಸುದ್ದಿ ತಂದ ರೈತರು ಅಂಗಳ ಬಿಟ್ಟು ಕದಲಲಿಲ್ಲ. ಹೊಗೆ ಇಳಿದ ಮೇಲೆ ಒಬ್ಬ ಕೇಳಿದ:

"ಅಲ್ರಿ ಬಡಿಗೇರ, ಅಗಲ ಹಳಿ ಹಾಕಿಸಬೇಕಂದ್ರ ಬರೇ ಹಳಿ ಬದಲಿ ಮಾಡಿದ್ರ ಆಗತೈತೋ, ಗಾಲೀನ ಬದಲಿ ಮಾಡಬೇಕೋ?"

"ಗಾಲೀನ ಬದಲಿ ಮಾಡಬೇಕು" ಎಂದೆ. "ಅಚ್ಚೂ ಬದಲಿ ಮಾಡಬೇಕು. ಮತ್ತ ಅಗಲ ಗಾಲಿಗೆ ಕೆಸರು ಮೆತ್ತಿ ಆ ಗಾಡಿ ಮಳಿಗಾಲದಾಗ ನಿನ್ನ ಎರಿ ಹೊಲದಾಗ ಕಾಲಿಡಂಗಿಲ್ಲ."

"ಹಂಗಾದ್ರ ಒಂದು ಗಾಡಿ ರಸ್ತೇಕ್ಕ, ಒಂದು ಗಾಡಿ ಹೊಲಕ್ಕ. ಎತ್ತೂ ಎರಡು ಜೋಡಿ ಕಟ್ಟೂಣೇನು?" ಎಂದು ಇನ್ನೊಬ್ಬ ನಕ್ಕ. ಯಾರೂ ಅವನ ಸಂಗಡ ನಗಲಿಲ್ಲ.

ಗಾಡಿ ಮಾಡುವವನಿಗೆ ಹೊಸ ಗಾಲಿಯ ಕೆಲಸ ಬಂದರೆ ಲಾಭವೇ. ಎಷ್ಟೋ ಜನ ನನಗೆ ಹಾಗೆಂದರು. ಆದರೆ ನನ್ನ ಅಂಗಳಕ್ಕೆ ಬರುವ ಗಾಡಿಗಳು ಯಾರವು, ಅವರ ಎತ್ತುಗಳ ಪಕ್ಕೆಲುಬು ಹೇಗಿವೆ ಎಂಬುದನ್ನು ನಾನು ದಿನಾಲೂ ನೋಡುವವ. ಹತ್ತು ಮಂದಿ ರೈತರನ್ನು ಕರೆದುಕೊಂಡು, ಶಾಸನಸಭೆಗೆ ನಿಲ್ಲಲಿದ್ದ ವಕೀಲರ ಮನೆಗೆ ಹೋದೆ. ಅವರು ಚಹಾ ಕೊಟ್ಟರು, ಸಮಾಧಾನದಿಂದ ಕೇಳಿದರು, "ಒಂದು ಅರ್ಜಿ ಬರಕೊಡ್ರಿ, ನೋಡೂಣು" ಎಂದರು. ಮೆಟ್ಟಿಲಿಳಿಯುವಾಗ ನಮ್ಮ ಕಾರ್ಖಾನೆಯ ಕಮ್ಮಾರ ಮೇಸ್ತ್ರಿ, ನನಗಿಂತ ವಯಸ್ಸಿನಲ್ಲಿ ಹಿರಿಯ, ಬಾಯಿ ತಡೆಯದ ಮನುಷ್ಯ, ನನ್ನ ತೋಳು ತಿವಿದ.

"ಮಾಲಕರ, ಇವರೆಲ್ಲಾ ಅಲ್ಲಿ ಹೋಗಿ ಗಾಲಿ ಬಗ್ಗೆ ಮಾತಾಡ್ತಾರೇನು? ಚುನಾವಣಿಗೆ ನೀನs ನಿಂದರು."

"ನಾ ಕಲತದ್ದು ಮೂರನೇ ಇಯತ್ತೆ, ಮೇಸ್ತ್ರಿ."

"ಗಾಲಿ ಎಷ್ಟನೇ ಇಯತ್ತೆ ಕಲತೈತಿ? ಜಗತ್ತೆಲ್ಲಾ ತಿರಗತೈತಿ."

ಹೀಗೆ ನಾನು ಬ್ರಿಟಿಷರ ಆಳ್ವಿಕೆಯ ಮುಂಬಯಿ ಪ್ರಾಂತದ ಶಾಸನಸಭೆಯ ಚುನಾವಣೆಗೆ ನಿಂತೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಪ್ಪ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಊರ ಬಡಿಗ. ವರ್ಷವಿಡೀ ರೈತರ ನೇಗಿಲು, ಕುಂಟೆ, ಗಾಡಿ ಮಾಡಿಕೊಡುವುದು; ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ಹೆಗಲ ಮೇಲಿನ ವಲ್ಲಿ ಹಾಸಿ ಕಾಳು ಹಾಕಿಸಿಕೊಳ್ಳುವುದು. ಅದಕ್ಕೆ ಆಯ ಎನ್ನುತ್ತಾರೆ. ಗರಗಸದ ಇನ್ನೊಂದು ತುದಿ ಹಿಡಿಯಲು ಅಪ್ಪನಿಗೆ ಆಳು ಬೇಕಾದ್ದರಿಂದ ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟೆ. ಅಪ್ಪನ ಸಂಗಡ ಕಣಕ್ಕೂ ಹೋಗುತ್ತಿದ್ದೆ. ಒಂದು ವರ್ಷ ಒಬ್ಬ ರೈತ, ಅಪ್ಪ ಮಾಡಿದ ಕೊಳಗದಿಂದಲೇ ಅಳೆಯುತ್ತ, ಅಪ್ಪನನ್ನೇ ಹೊತ್ತು ಮುಳುಗುವವರೆಗೆ ನಿಲ್ಲಿಸಿ "ನಾಳಿ ಬಾರೋ" ಎಂದ. ಅಪ್ಪ ಹಾಸಿದ ವಲ್ಲಿ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಮರುದಿನ ಹೋದರು ಕೂಡ. ನಾನು ಹೋಗಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಹುಬ್ಬಳ್ಳಿಗೆ ಬಂದು, ಬೈರಿದೇವರಕೊಪ್ಪದ ದಾರಿಯಲ್ಲಿ ಒಂದು ಚಪ್ಪರ ಹಾಕಿ ಗಾಡಿಯ ಕೆಲಸ ಸುರು ಮಾಡಿದೆ. ಮೊದಲು ದರ ಹೇಳುವುದು, ಆಮೇಲೆ ಉಳಿ ಹಿಡಿಯುವುದು, ಕೆಲಸ ಮುಗಿದ ದಿನ ಹಣ. ಇನ್ನು ಈ ಕೈ ಯಾರ ಮುಂದೂ ಚಾಚುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ; ಹಾಗೆಯೇ ನಡೆದುಕೊಂಡೂ ಬಂದಿದ್ದೆ.

ಚುನಾವಣೆಗೆ ನಿಂತಾಗಲೂ ಅದೇ ಹಟ. ಹಳ್ಳಿಗೆ ಹೋಗುವುದು, ಹಳಿಯ ವಿಷಯ ಹೇಳುವುದು, ತಿಳಿದವರು ಮತ ಹಾಕಲಿ ಎಂದು ಬಂದುಬಿಡುವುದು. ಕೈ ಮುಗಿದು ಬೇಡುವುದಿಲ್ಲ.

ಧಾರವಾಡದ ಕಚೇರಿಯಲ್ಲಿ ಅರ್ಜಿ ತುಂಬಿಕೊಟ್ಟ ಮೇಲೆ ನನಗೆ ಸಿಕ್ಕ ಗುರುತು ಏಣಿ. ಗಾಲಿ ಸಿಗಬಹುದೆಂದು ಆಸೆಯಿತ್ತು, ಗುರುತುಗಳೊಳಗೆ ಗಾಲಿಯೇ ಇರಲಿಲ್ಲ. "ಛಲೋ ಆತು" ಎಂದ ಮೇಸ್ತ್ರಿ. "ಏಣಿ ಏರಾಕೂ ಬರತೈತಿ, ಇಳಿಯಾಕೂ ಬರತೈತಿ. ಎರಡಕ್ಕೂ ತಯಾರಿರು."

ನಮ್ಮ ಕ್ಷೇತ್ರಕ್ಕೆ ನಾಲ್ಕು ಸ್ಥಾನ, ನಿಂತವರು ಏಳು ಜನ. ನಾಲ್ವರು ದೊಡ್ಡ ಪಕ್ಷದವರು, ಖಾದಿ ಟೊಪ್ಪಿಗೆಯವರು. ಉಳಿದವರು ಒಬ್ಬ ಇನಾಮದಾರರು, ಆ ವಕೀಲರು, ನಾನು. ಮತ ಹಾಕುವ ಹಕ್ಕು ಎಲ್ಲರಿಗೂ ಇರಲಿಲ್ಲ. ಭೂಮಿಯ ಪಟ್ಟಿ, ಅಂದರೆ ಕಂದಾಯ, ಕಟ್ಟುವವರಿಗೆ ಇತ್ತು, ಸ್ವಂತ ಹೆಸರಿನಲ್ಲಿ ಹೊಲವಿದ್ದ ಹೆಂಗಸರಿಗೂ ಇತ್ತು. ಮತ ಹಾಕುವ ರೀತಿಯನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಓಣಿಯ ಒಬ್ಬ ಮಾಸ್ತರು. ಸಾಲಿಯ ನೌಕರಿ ಮುಗಿಸಿ ಮನೆಯಲ್ಲಿದ್ದರು, ನನ್ನ ಕಾಗದಪತ್ರವೆಲ್ಲ ಅವರೇ ನೋಡುತ್ತಿದ್ದರು.

"ಇದು ಭಾಳ ಸೂಕ್ಷ್ಮ ಅದ, ಲಕ್ಷ್ಯ ಕೊಟ್ಟು ಕೇಳ್ರಿ" ಎಂದರು. "ಸ್ಥಾನ ನಾಲ್ಕು ಅಂತ ಒಬ್ಬೊಬ್ಬ ಮತದಾರಗೂ ನಾಲ್ಕು ಮತ. ನಾಲ್ಕು ಮಂದಿಗೆ ಹಂಚಬಹುದು, ಇಲ್ಲಾ ನಾಲ್ಕೂ ಒಬ್ಬಗs ಹಾಕಬಹುದು. ಪಕ್ಷದವರು ನಾಲ್ವರು ಅದಾರ, ಅವರ ಮಂದಿ ಹಂಚಿದರೂ ಅವರೊಳಗs ಉಳೀತದ. ನೀವು ಒಬ್ಬರ. ನಿಮ್ಮವರು ನಾಲ್ಕೂ ನಿಮಗs ಹಾಕಿದರ, ಒಬ್ಬ ಮನಷ್ಯಾ ನಾಲ್ಕು ಮಂದಿಗೆ ಸಮ. ಹಂಚಿದರ, ಒಂದು ನಿಮಗ, ಮೂರು ನಿಮ್ಮ ವೈರಿಗೆ."

"ನಾಲ್ಕೂ ನನಗ ಹಾಕ್ತಾರ ಬಿಡ್ರಿ" ಎಂದೆ. ನನಗೆ ಅನುಮಾನವೇ ಇರಲಿಲ್ಲ.

ಆದರೂ ಓದು ಬರದ ಜನಕ್ಕೆ ಅಭ್ಯಾಸ ಬೇಕಲ್ಲ. ಸಾಗವಾನಿ ಹಲಗೆಯೊಂದನ್ನು ಹತ್ತರಿ ಹೊಡೆದು ನುಣುಪು ಮಾಡಿದೆ. ಅದರಲ್ಲಿ ಸಾಲಾಗಿ ಏಳು ಕುಳಿ ತೋಡಿದೆ. ಪ್ರತಿ ಕುಳಿಯ ಮೇಲೆ ಒಬ್ಬೊಬ್ಬರ ಗುರುತು ಕೆತ್ತಿದೆ. ಮತಕ್ಕೆ ಬದಲು ಹುಣಸೆ ಬೀಜ. ಒಬ್ಬೊಬ್ಬರ ಕೈಯಲ್ಲಿ ನಾಲ್ಕು ಬೀಜ ಕೊಟ್ಟು, ಬೇಕಾದ ಕುಳಿಯಲ್ಲಿ ಹಾಕಿಸುವುದು. ಕೈ ಪಳಗಿದ ಮೇಲೆ ಸೀಸದ ಕಡ್ಡಿ ಕೊಟ್ಟು, ಕಾಗದದ ಮೇಲೆ ಗುರುತಿನ ಮುಂದೆ ಕತ್ತರಿ ಗೀಟು ಎಳೆಸುವುದು. ಹಲಗೆಯನ್ನು ಗಾಡಿಯಲ್ಲಿಟ್ಟುಕೊಂಡು ನಾನು, ಮೇಸ್ತ್ರಿ, ಮಾಸ್ತರು ಹಳ್ಳಿ ಹಿಡಿದೆವು.

ಮೊದಲು ಹೋದದ್ದು ಪೂರ್ವದ ಕಡೆಯ ಒಂದು ಎರೆಮಣ್ಣಿನ ಊರಿಗೆ. ಆ ಊರಿನ ಮುಕ್ಕಾಲು ಗಾಡಿಗಳು ನಮ್ಮ ಕಾರ್ಖಾನೆಯವು. ಚಾವಡಿಯಲ್ಲಿ ಜನ ಕೂಡಿದರು. ಹಳಿಯ ಮಾತು ಹೇಳಿದಾಗ "ಹೌದ, ಹೌದ" ಎಂದು ಒಂದೇ ದನಿಯಲ್ಲಿ ಎದ್ದರು. ಒಬ್ಬ ಮುದುಕ ನನ್ನ ಬೆನ್ನು ಚಪ್ಪರಿಸಿ, "ನೀ ನಮ್ಮವ. ಮತ ನಿನಗs" ಎಂದ. ಅವನ ಕೈಯಲ್ಲೇ ಮೊದಲು ಬೀಜ ಕೊಟ್ಟೆ. ಏಣಿಯ ಕುಳಿಗೆ ಒಂದು ಹಾಕಿದ. ಇನಾಮದಾರರ ಕುಳಿಗೆ ಒಂದು. ವಕೀಲರಿಗೆ ಒಂದು. ಪಕ್ಷದವರಲ್ಲಿ ಒಬ್ಬನಿಗೆ ಒಂದು. ಕೈ ಝಾಡಿಸಿಕೊಂಡು ನನ್ನ ಮುಖ ನೋಡಿ ನಕ್ಕ. ಅವನ ಹಿಂದೆ ಬಂದವನೂ ಹಾಗೆಯೇ. ಅವನ ಹಿಂದಿನವನೂ.

ದಾರಿಯಲ್ಲಿ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀ ಮಾಡಿದ್ದು ಅಳಗುಳಿ ಮಣಿ ಆಗೇತಿ ಮಾಲಕರ. ಆ ಆಟದಾಗ ಕುಳಿಗೊಂದೊಂದು ಬೀಜಾ ಬಿಡಕೋಂತ ಹೋಗಬೇಕಲ್ಲ. ಹುಟ್ಟಿದಾಗಿಂದ ಆಡಿದ ಕೈ ಮತ್ತೇನು ಮಾಡತೈತಿ?"

ಮಾತು ಸರಿಯೆನಿಸಿತು. ತಪ್ಪು ಹಲಗೆಯದು ಎಂದರೆ ನನಗೆ ಸಮಾಧಾನ, ಹಲಗೆಯನ್ನು ತಿದ್ದಬಹುದು. ಏಳು ಡಬ್ಬಿ ಮಾಡಿದೆ, ಮುಚ್ಚಳಕ್ಕೆ ಸೀಳು ಬಿಟ್ಟೆ, ಒಂದಕ್ಕೊಂದು ಕೈಗೆಟುಕದಷ್ಟು ದೂರ ಇರಿಸಿದೆ. ಮುಂದಿನ ಊರಿನಲ್ಲಿ ಜನ ಡಬ್ಬಿಯಿಂದ ಡಬ್ಬಿಗೆ ನಡೆದುಹೋಗಿ ಒಂದೊಂದೇ ಬೀಜ ಹಾಕಿ ಬಂದರು. ಮಾಸ್ತರು ಎದ್ದುನಿಂತು ಲೆಕ್ಕ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಮತ್ತೆ ಬೀಜ ಕೊಟ್ಟೆವು. ಮತ್ತೆ ಹಂಚಿದರು.

ಮೂರನೆಯ ಊರಿನಲ್ಲಿ ನನ್ನ ತಾಳ್ಮೆ ಹೋಯಿತು. "ನನಗ ಹಾಕ್ತೇನಿ ಅಂತೀ, ಮತ್ತ ಆ ಇನಾಮದಾರಗ ಯಾಕ ಹಾಕತೀಯೋ?" ಎಂದು ಒಬ್ಬನ ಮೇಲೆ ದನಿ ಏರಿಸಿದೆ.

ಅವನು ನೊಂದುಕೊಂಡ. "ನಿನಗೂ ಹಾಕೇನಲ್ಲೋ ಮಾರಾಯಾ! ನಿನಗ ಕಡಿಮಿ ಮಾಡೇನೇನು?"

ಈ ಸುದ್ದಿ ಇನಾಮದಾರರಿಗೂ ಮುಟ್ಟಿತು. ಅವರ ಕಾರಕೂನ ಒಂದು ಸಂಜೆ ಕಾರ್ಖಾನೆಗೆ ಬಂದು, ಹೊಸ ಗಾಲಿಯೊಂದನ್ನು ಬೆರಳಿನಿಂದ ತಟ್ಟುತ್ತ ಹೇಳಿದ: "ಧಣ್ಯಾರು ನಿಮಗ ಆಭಾರಿ ಅದಾರಪಾ. ನೀವು ಊರೂರಿಗೆ ಹೋಗಿ ಅವರ ಮತಾ ಗಟ್ಟಿ ಮಾಡಾಕತ್ತೀರಿ ಅಂತ. ಸುಮ್ಮನ ಕೂತ್ರ ನಮ್ಮ ವಾಡೇದ ಗಾಡಿ ಕೆಲಸ ಎಲ್ಲಾ ನಿಮಗs ಬರತೈತಿ. ನೋಡ್ರಿ ವಿಚಾರ ಮಾಡಿ."

"ಧಣ್ಯಾರ ಗಾಡಿ ಮುರದ್ರ ತರ್ರಿ, ಎಲ್ಲಾರಿಗೂ ಇರೂ ದರಾ ಅವರಿಗೂ ಐತಿ" ಎಂದೆ. "ನಿಂತಾಂವ ಕೂಡ್ರಾಂವಲ್ಲ ಅಂತ ಹೇಳ್ರಿ."

ಹೇಳುವುದೇನೋ ಹೇಳಿದೆ. ಅವನು ಹೋದ ಮೇಲೆ ಆ ಏಳು ಡಬ್ಬಿಗಳ ಮುಂದೆ ಬಹಳ ಹೊತ್ತು ಕುಳಿತೆ. ಕಾರಕೂನನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಗಳಿಸಿದ ಒಂದೊಂದು ಮನೆಯೂ ನನಗೆ ಒಂದು, ಉಳಿದವರಿಗೆ ಮೂರು ಕೊಡುತ್ತಿತ್ತು. ಕಟ್ಟಿಗೆ ಸೀಳಿದರೆ ಎಲ್ಲಿ ಸೀಳಿತು ಎಂದು ಕಣ್ಣಿಗೆ ಕಾಣುತ್ತದೆ. ಇದು ಎಲ್ಲಿ ಸೀಳಿದೆಯೆಂದು ನನಗೆ ತಿಳಿಯುತ್ತಿರಲಿಲ್ಲ.

ಮುಗದಕ್ಕೆ ಹೋಗುವುದನ್ನು ನಾನು ಮುಂದೆ ಹಾಕುತ್ತಲೇ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ನನಗೆ ಮನೆಯೂ ಇರಲಿಲ್ಲ. ಮಾಸ್ತರು ಬಿಡಲಿಲ್ಲ. "ಹುಟ್ಟಿದ ಊರು ಬಿಟ್ಟು ಮತ ಕೇಳಾಂವಗ ಉಳದ ಊರು ಏನಂತಾವ?" ಎಂದರು. ಒಂದು ಮುಂಜಾನೆ ಹೋದೆವು.

ಭತ್ತದ ಒಕ್ಕಣೆ ನಡೆದಿತ್ತು. ನಾವು ಹೋದದ್ದು ಗೌಡತಿಯವರ ಕಣಕ್ಕೆ. ಗೌಡರು ತೀರಿದ ಮೇಲೆ ಹೊಲ, ಕಣ ಎಲ್ಲ ಅವರದೇ ಆಡಳಿತ. ಪಟ್ಟಿ ಅವರ ಹೆಸರಿನಲ್ಲಿತ್ತು, ಮತವೂ ಇತ್ತು. ಅವರ ಮಾತು ಮೀರುವವರು ಊರಿನಲ್ಲಿ ಕಡಿಮೆ. ರಾಶಿಯ ಪಕ್ಕದಲ್ಲಿ ಕಂಬಳಿಯ ಮೇಲೆ ಕೂತು ಅಳತೆ ನೋಡುತ್ತಿದ್ದರು. ಹಣೆ ತುಂಬ ವಿಭೂತಿ.

"ಬಾರೋ ತಮ್ಮಾ ಬಡಿಗ್ಯಾ" ಎಂದರು. "ಹುಬ್ಬಳ್ಳಿ ಸಾವಕಾರ ಆದ ಮ್ಯಾಲೆ ನಮ್ಮೂರ ಹಾದಿ ಮರತೀ ಅಂದಕೊಂಡಿದ್ದೆ."

"ಮರತಿಲ್ರಿ ಅವ್ವಾರ. ಕೆಲಸ ಬಿಡಂಗಿಲ್ಲ."

"ಕೆಲಸ ನಿಮ್ಮಪ್ಪನ್ನೂ ಬಿಡ್ತಿರಲಿಲ್ಲ. ಅಂವ ಬರ್ತಿದ್ದ."

ನಾನು ಹಳಿಯ ವಿಷಯ ಹೇಳಿದೆ. ಅವರಿಗೆ ಮೊದಲೇ ತಿಳಿದಿತ್ತು. ಧಾರವಾಡದ ಪೇಟೆಗೆ ಅವರ ಗಾಡಿಗಳು ಹೋಗುತ್ತಿದ್ದವಲ್ಲ. ಮೇಸ್ತ್ರಿ ಡಬ್ಬಿ ಜೋಡಿಸಿದ. ಗೌಡತಿ ನಾಲ್ಕು ಬೀಜ ತೆಗೆದುಕೊಂಡು ಎದ್ದರು, ಸೆರಗು ಸರಿಮಾಡಿಕೊಂಡು ಏಣಿಗೆ ಒಂದು ಹಾಕಿದರು, ಇನಾಮದಾರರಿಗೆ ಒಂದು, ವಕೀಲರಿಗೆ ಒಂದು, ಪಕ್ಷದವರಿಗೆ ಒಂದು. ಮೇಸ್ತ್ರಿ ನನ್ನ ಮುಖ ನೋಡದೆ ಆಕಾಶ ನೋಡಿದ.

ಈ ಸಲ ನಾನು ದನಿ ಏರಿಸಲಿಲ್ಲ. ಏರಿಸುವ ಜಾಗವೂ ಅದಲ್ಲ. "ಅವ್ವಾರ, ಸಿಟ್ಟಾಗಬ್ಯಾಡ್ರಿ. ಉಳದ ಮೂರು ಅವರಿಗ್ಯಾಕ ಹಾಕಿದ್ರಿ?" ಎಂದು ಕೇಳಿದೆ.

"ಯಾಕಂದ್ರ?" ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಇನಾಮದಾರ್ರು ಬಂದಿದ್ರು, ಕೂತು ಹಾಲು ಕುಡದು ಹೋದ್ರು. ವಕೀಲರು ಬಂದು ಕೈ ಮುಗದ್ರು. ಟೊಪಗಿ ಹುಡುಗ್ರು ಬಂದು ಪದಾ ಹಾಡಿದ್ರು. ಬಾಗಲಿಗೆ ಬಂದು ಕೇಳಿದಾವ್ರನ್ನ ಬರಿಗೈಲೆ ಕಳಸಲೇನು? ಸರಕಾರ ನಾಲ್ಕು ಕೊಟ್ಟೈತಿ, ನಾಲ್ಕು ಮಂದಿಗೆ ಹಂಚೂದು."

ಅಷ್ಟರಲ್ಲಿ ರಾಶಿಯ ಬಳಿ ಒಬ್ಬ ದಾಸಯ್ಯ ಬಂದು ಶಂಖ ಊದಿದ. ಗೌಡತಿ ಕೂತಲ್ಲಿಂದಲೇ ಕೈ ಮಾಡಿದರು. ಆಳು ಅವನ ಜೋಳಿಗೆಗೆ ಒಂದು ಬೊಗಸೆ ಭತ್ತ ಹಾಕಿದ. ಅವನ ಹಿಂದೆ ಕಣಿ ಹೇಳುವಾಕೆ, ಅವಳಿಗೂ ಒಂದು ಬೊಗಸೆ. ಹಾಡುವವನೊಬ್ಬ, ಅವನಿಗೂ ಒಂದು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಇಲ್ಲವೆಂದಿಲ್ಲ. ನಾನು ನೋಡುತ್ತ ನಿಂತೆ. ಮೂರು ಊರಿನಲ್ಲಿ ನನ್ನ ಡಬ್ಬಿಗಳಿಗೆ ಬಿದ್ದದ್ದು ಈ ಬೊಗಸೆಯೇ. ಜನರಿಗೆ ಲೆಕ್ಕ ತಿಳಿಯದೆ ಅಲ್ಲ. ಕೇಳಲು ಬಂದವರ ಸಾಲಿನಲ್ಲಿ ನಾನೂ ಒಬ್ಬನಾಗಿ ನಿಂತಿದ್ದೆ, ನನ್ನ ಪಾಲಿನ ಬೊಗಸೆ ನನಗೆ ಸಿಕ್ಕಿತ್ತು.

ಆಮೇಲೆ ಊರ ಬಡಿಗ ಬಂದ. ನಮ್ಮಪ್ಪನ ನಂತರ ಬೇರೆ ಊರಿನಿಂದ ಬಂದು ನೆಲೆಸಿದವನು. ಮಾತಿಲ್ಲದೆ ವಲ್ಲಿ ಹಾಸಿದ. ಈಗ ಆಳು ಬೊಗಸೆ ಬಿಟ್ಟು ಕೊಳಗ ಎತ್ತಿಕೊಂಡ. ಗೌಡತಿ ಕಂಬಳಿಯಿಂದ ಎದ್ದು ಬಂದು ಅಳತೆಯ ಮೇಲೆ ಕೈಯಾಡಿಸಿ, ತುಂಬಿ ತುಳುಕುವಂತೆ ಹಾಕಿಸಿದರು. ದಾಸಯ್ಯ ಇನ್ನೂ ಅಲ್ಲೇ ಇದ್ದ. ಆ ಗುಡ್ಡೆಯ ಕಡೆ ನೋಡಿ, "ತಾಯಿ, ಅದರಾಗಿಂದು ಇನ್ನೊಂದು ಬೊಗಸಿ..." ಎಂದ.

"ಅದಕ್ಕ ಕೈ ಹಚ್ಚಬ್ಯಾಡ" ಎಂದರು ಗೌಡತಿ. "ಅದು ಅವನ ಆಯ. ಅದರಾಗ ಯಾರ ಪಾಲೂ ಇಲ್ಲ."

ಬೇಡಿದವರಿಗೆ ಬೊಗಸೆ ಹಂಚುತ್ತಾರೆ, ಆಯವನ್ನು ಯಾರೂ ಹಂಚುವುದಿಲ್ಲ. ನಾನು ಹುಡುಕುತ್ತಿದ್ದ ಸೀಳು ಎದುರಿಗೇ ಇತ್ತು. ಅದನ್ನು ಮುಚ್ಚುವ ಬೆಣೆಯೂ ಅಲ್ಲೇ ಇತ್ತು. ಆದರೆ ಆ ಬೆಣೆ ನಾನು ಯಾವುದನ್ನು ಬಿಟ್ಟು ಹುಬ್ಬಳ್ಳಿಗೆ ಓಡಿ ಬಂದಿದ್ದೆನೋ ಅದೇ.

"ಅವ್ವಾರ" ಎಂದೆ. "ನಾ ಆಯ ಕೇಳಿದ್ರ?"

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನನ್ನ ಕೋಟು, ರುಮಾಲು, ಹೆಗಲ ಮೇಲಿನ ಜರಿಯಂಚಿನ ವಲ್ಲಿ.

"ನಿನಗ್ಯಾತರ ಆಯ? ನೀ ನಮಗ ಏನು ದುಡದೀ?"

"ದುಡೀತೇನಿ. ರಸ್ತೇ ಮ್ಯಾಲೆ ನಿಮ್ಮ ಗಾಡಿ ಯಾರೂ ತಡೀಬಾರದು, ಅದು ನನ್ನ ಕೆಲಸ. ಸಭಾ ಮುಗಿಯೂತನಕಾ ಅದs ನನ್ನ ಕೆಲಸ."

"ಹಂಗ ಬಾಯಿಲೆ ಹೇಳಿದ್ರ ಆಯ ಆಗೂದಿಲ್ಲ, ತಮ್ಮಾ. ಆಯ ಅಂದ್ರ ವರ್ಷಾ ದುಡೀಬೇಕು. ಕರದಾಗ ಬರಬೇಕು, ಎಲ್ಲೇ ಇರು. ಇಂಥಾದ್ದು ಮಾಡ್ತೇನಿ ಇಂಥಾದ್ದು ಮಾಡಂಗಿಲ್ಲ ಅನ್ನಾಕ ಬರೂದಿಲ್ಲ. ಮತ್ತ..." ನನ್ನ ಹೆಗಲ ಕಡೆ ಬೆರಳು ಮಾಡಿದರು. "ಅರಬಿ ಹಾಸಬೇಕು. ನಿಮ್ಮಪ್ಪ ಹಾಸ್ತಿದ್ನಲ್ಲ, ಹಂಗ."

ಕಣದಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದ್ದರು. ಎತ್ತುಗಳಷ್ಟೇ ಸುತ್ತು ತಿರುಗುತ್ತಿದ್ದವು. ಮಾಸ್ತರು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಬ್ಯಾಡ ಅನಿಸಿದ್ರ ಬಿಡ್ರಿ. ಬ್ಯಾರೆ ಹಾದಿ ಹುಡಕೂಣು" ಎಂದರು. ಬೇರೆ ದಾರಿ ಇಲ್ಲವೆಂದು ಅವರಿಗೂ ಗೊತ್ತಿತ್ತು.

ಅಪ್ಪ ಆ ಸಂಜೆ ವಲ್ಲಿ ಕೊಡವಿದ್ದು ನನ್ನ ಕಣ್ಣಿಗೆ ಬಂತು. ಮರುದಿನ ಮತ್ತೆ ಹೋದರಲ್ಲ, ಅದನ್ನು ನಾನು ಇಷ್ಟು ದಿನ ಅವರ ಸೋಲು ಎಂದೇ ತಿಳಿದಿದ್ದೆ. ಆ ಕಾಳು ಅವರದಾಗಿತ್ತು. ತಮ್ಮದನ್ನು ತರಲು ಹೋದರು, ಅಷ್ಟೇ. ಅವರು ಬಾಗಲಿಲ್ಲ, ಬಿಟ್ಟುಕೊಡಲಿಲ್ಲ.

ಹೆಗಲಿಂದ ವಲ್ಲಿ ತೆಗೆದೆ. ಗೌಡತಿಯವರ ಮುಂದೆ, ಧೂಳಿನಲ್ಲಿ, ನಾಲ್ಕೂ ಮೂಲೆ ಬಿಡಿಸಿ ಹಾಸಿದೆ.

ಅವರು ತಾವೇ ಡಬ್ಬಿಗಳ ಬಳಿಗೆ ಹೋದರು. ಇನಾಮದಾರರ ಡಬ್ಬಿ ಬೋರಲು ಹಾಕಿ ಬೀಜ ತೆಗೆದುಕೊಂಡರು, ವಕೀಲರದು, ಪಕ್ಷದವರದು. ಕೊನೆಗೆ ಏಣಿಯದೂ. ಬಂದು ನನ್ನ ವಲ್ಲಿಯ ಮೇಲೆ ನಾಲ್ಕೂ ಬೀಜ ಒಂದೊಂದಾಗಿ ಹಾಕಿದರು. ಆಮೇಲೆ ಆಳಿಗೆ ಹೇಳಿ ಒಂದು ಕೊಳಗ ಭತ್ತವನ್ನೂ ಹಾಕಿಸಿದರು.

"ಭತ್ತ ಯಾಕ್ರಿ ಅವ್ವಾರ?"

"ಖಾಲಿ ಅರಬ್ಯಾಗ ಹೆಂಗ ಹಾಕೂದೋ? ತಗೋ. ಕಟಗೋ."

ಅಂದಿನಿಂದ ಸುಗ್ಗಿ ಮುಗಿಯುವವರೆಗೆ ನಾವು ಚಾವಡಿಯಲ್ಲಿ ಸಭೆ ಮಾಡುವುದನ್ನು ಬಿಟ್ಟೆವು. ಡಬ್ಬಿಗಳನ್ನು ಕಾರ್ಖಾನೆಯಲ್ಲೇ ಇಟ್ಟು, ಹುಣಸೆ ಬೀಜದ ಚೀಲವನ್ನಷ್ಟೇ ತೆಗೆದುಕೊಂಡೆವು. ಕಣದಿಂದ ಕಣಕ್ಕೆ ಹೋದೆವು: ಮೊದಲು ಭತ್ತದ ಸೀಮೆ, ಆಮೇಲೆ ಜೋಳದ ಸೀಮೆ. ಹೋದಲ್ಲೆಲ್ಲ ನಾನು ಮೊದಲು ವಲ್ಲಿ ಹಾಸುತ್ತಿದ್ದೆ, ಆಮೇಲೆ ಮಾತು. ಏನು ಮಾಡುತ್ತೇನೆ ಎಂದು ಹೇಳುತ್ತಿದ್ದೆ, ಅದು ಬಿಟ್ಟು ಇನ್ನೇನನ್ನೂ ಹೇಳುತ್ತಿರಲಿಲ್ಲ. ಆಮೇಲೆ, "ಇದು ಭಿಕ್ಷಾ ಅಲ್ಲ, ಆಯ. ಕೊಡಾವ್ರು ಪೂರಾ ಕೊಡ್ರಿ, ಇಲ್ಲಾ ಬ್ಯಾಡ" ಎನ್ನುತ್ತಿದ್ದೆ. ಮಾಸ್ತರ ಲೆಕ್ಕವನ್ನು ಯಾರಿಗೂ ಬಿಡಿಸಿ ಹೇಳುವ ಪ್ರಸಂಗವೇ ಬರಲಿಲ್ಲ.

ಎಲ್ಲ ಕಡೆಯೂ ಸುಲಭವಾಗಿ ನಡೆಯಿತೆಂದಲ್ಲ. ಒಂದು ಊರಿನಲ್ಲಿ, "ನಮ್ಮ ಬಾವೀಗಿ ನೀರು ಸೇದೂ ಗಡಗಡಿ ಹಾಕಿಕೊಡು, ಆಮ್ಯಾಲೆ ಆಯ" ಎಂದರು. ಮರುದಿನವೇ ಹಾಕಿಸಿಕೊಟ್ಟರೆ ಅದು ಮತಕ್ಕೆ ಕೊಟ್ಟ ಲಂಚವಾಗುತ್ತದೆಂದು ಮಾಸ್ತರು ತಡೆದರು. ಆ ಊರಿನಿಂದ ಬರಿಯ ವಲ್ಲಿ ಕೊಡವಿಕೊಂಡು ಬಂದೆ. ಇನ್ನೊಂದು ಕಣದಲ್ಲಿ ಇನಾಮದಾರರ ಒಕ್ಕಲೊಬ್ಬ ನಾನು ಹಾಸಿದ ವಲ್ಲಿಯ ಮೇಲೆ ಬೇಕೆಂದೇ ಎತ್ತು ಹಾಯಿಸಿದ. ಮೇಸ್ತ್ರಿ ಇಕ್ಕಳ ಹಿಡಿದು ಪಳಗಿದ ಕೈ ಮುಂದೆ ಮಾಡಿದ, ನಾನು ತಡೆದೆ. ವಲ್ಲಿ ಒಗೆಸಿ ಮರುದಿನ ಅದೇ ಕಣಕ್ಕೆ ಹೋಗಿ ಹಾಸಿದೆ. ಆ ಒಕ್ಕಲು ಅಂದು ಎತ್ತು ಹಿಡಿದುಕೊಂಡು ನಿಂತ, ಬೀಜ ಹಾಕಲಿಲ್ಲ. ಅವನ ತಾಯಿ ಹಾಕಿದಳು.

ಹತ್ತಿಪೇಟೆಯಲ್ಲಿ ಸಾವಕಾರರು ನಗುತ್ತಿದ್ದರು. "ಕಾರ್ಖಾನೀ ಮಾಲಕ ಮತ್ತ ಆಯಗಾರ ಆದ್ನಂತ!" ನಾನು ಅಂಥವರ ಮುಂದೆಯೇ ಆ ವಲ್ಲಿಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ಜರಿ ಕಿತ್ತುಹೋಗಿತ್ತು, ಹೊಟ್ಟು ಹಿಡಿದಿತ್ತು. ಬೇರೆ ವಲ್ಲಿ ಕೊಳ್ಳಲಿಲ್ಲ.

ಮತದಾನದ ದಿನ ನಾನು ಮುಗದದ ಕಡೆಯ ಕೇಂದ್ರದ ಹೊರಗೆ, ಬೇಲಿಯಾಚೆ ನಿಂತಿದ್ದೆ. ಗಾಡಿಗಳು ಬಂದವು. ಗೌಡತಿ ತಮ್ಮ ಗಾಡಿಯಿಂದ ಇಳಿದರು, ನನ್ನತ್ತ ನೋಡಲಿಲ್ಲ, ಒಳಗೆ ಹೋದರು. ಸೀಸದ ಕಡ್ಡಿ ಹಿಡಿಯುವುದನ್ನು ನಾವು ಕಲಿಸಿದ್ದೆವು. ಅಕ್ಷರ ಬರೆಯದ ಕೈಗೆ ಒಂದು ಗೀಟು ಎಳೆಯುವುದೂ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಹೊರಗೆ ಬಂದವರೊಳಗೆ ಒಬ್ಬ ಮುದುಕ ನನಗೆ ನಾಲ್ಕು ಬೆರಳು ತೋರಿಸಿ, ಆ ನಾಲ್ಕನ್ನೂ ಮಡಚಿ ಮುಷ್ಟಿ ಮಾಡಿ, ತನ್ನ ಎದೆಗೆ ಹಚ್ಚಿಕೊಂಡ. ಅಷ್ಟರಲ್ಲಿ ಪೋಲೀಸನೊಬ್ಬ ಅವನನ್ನು ದೂಡಿ ಮುಂದೆ ಕಳಿಸಿದ.

ಎಣಿಕೆ ಧಾರವಾಡದ ಕಚೇರಿಯಲ್ಲಿ ನಡೆಯಿತು. ಪಕ್ಷದವರು ಮೂವರು ಮೊದಲೇ ಆರಿಸಿಬಂದರು. ನಾಲ್ಕನೆಯ ಸ್ಥಾನಕ್ಕೆ ಒಮ್ಮೆ ಇನಾಮದಾರರು ಮುಂದೆ, ಒಮ್ಮೆ ನಾನು. ಕೊನೆಗೆ ಭತ್ತದ ಸೀಮೆಯ ಪೆಟ್ಟಿಗೆಗಳು ಬಿಚ್ಚಿದವು. ಮಾಸ್ತರು ಒಳಗಿನಿಂದ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. ಮೇಸ್ತ್ರಿ ಹೇಳಿದ: "ಏಣಿ ಏರಿದಿ ಮಾಲಕರ. ಇನ್ನ ಇಳಿಯಾಕ ಅವಸರ ಮಾಡಬ್ಯಾಡ."

ಮೊದಲ ಸಭೆ ಪುಣೆಯಲ್ಲಿ ಎಂದು ಕಾಗದ ಬಂದದ್ದು ಮಳೆಗಾಲದಲ್ಲಿ. ಹೊರಡುವ ದಿನ ಹೊಸ ಕೋಟು ಹಾಕಿಕೊಂಡು, ಹಾಸಿಗೆ ಸುತ್ತಿಟ್ಟು, ಟಾಂಗಾ ಕರೆಸಿದ್ದೆ. ಹಾರ ಹಿಡಿದುಕೊಂಡು ನಾಲ್ಕು ಜನ ನಿಂತಿದ್ದರು. ಅಷ್ಟರಲ್ಲಿ ಗಾಲಿಗೆ ಕೆಸರು ಮೆತ್ತಿದ ಒಂದು ಗಾಡಿ ಅಂಗಳಕ್ಕೆ ಬಂತು. ಗೌಡತಿಯವರ ಆಳು. ಗಾಡಿಯಲ್ಲಿ ಒಂದು ಎಡೆಕುಂಟೆ, ಬೆಳೆಯ ಸಾಲಿನ ನಡುವೆ ಕಳೆ ತೆಗೆಯುವುದು. ಅದರ ಅಡ್ಡ ಮರ, ದಿಂಡು, ಉದ್ದಕ್ಕೂ ಸೀಳಿತ್ತು.

"ಅವ್ವಾರು ಹೇಳ್ಯಾರ್ರಿ" ಎಂದ ಅವನು, ಹಾರ ಹಿಡಿದವರನ್ನು ನೋಡಿ ಸ್ವಲ್ಪ ಹಿಂಜರಿಯುತ್ತ. "ಊರ ಬಡಿಗ್ಯಾ ಜ್ವರಾ ಬಂದು ಮಲಗ್ಯಾನ. ಮಳಿ ಬಿಡುವು ಕೊಟ್ಟೈತಿ, ಎಡಿ ಹೊಡೀಬೇಕು. ನೀವು ಮಾಡಿಕೊಡಬೇಕಂತ."

"ಪುಣೇಕ್ಕ ಹೊಂಟಾರ ಅವರು! ರೈಲಿನ ಹೊತ್ತಾಗೇತಿ" ಎಂದು ಹಾರದವರಲ್ಲಿ ಒಬ್ಬ ಗದರಿದ. "ಕಾರ್ಖಾನ್ಯಾಗ ಬ್ಯಾರೆ ಆಳು ಇಲ್ಲೇನು?"

ಆಳುಗಳಿದ್ದರು. ಅವರಲ್ಲಿ ಯಾರಾದರೂ ಮಾಡಬಹುದಿತ್ತು. ಆದರೆ ಅವರು ಮುಗದದಲ್ಲಿ ವಲ್ಲಿ ಹಾಸಿದವರಲ್ಲ.

ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ. ಒಣಗಿದ ಜಾಲಿಯ ತುಂಡು ಆರಿಸಿ, ಬಾಚಿಯಿಂದ ದಿಂಡು ಕೆತ್ತಿದೆ. ತೂತು ಕೊರೆದೆ, ಕಬ್ಬಿಣದ ಹಳೆಯ ಅಲಗು, ಕುಡವನ್ನು ತಿರುಗಿ ಕೂಡಿಸಿದೆ, ಮೇಸ್ತ್ರಿ ಕಬ್ಬಿಣದ ಬಳೆ ಕಾಸಿ ಬಿಗಿದ. ಟಾಂಗಾದವನು ಬೀಡಿ ಸೇದುತ್ತ ನೋಡುತ್ತಿದ್ದ. ಸಂಜೆಯ ರೈಲು ಕೂಗಿಕೊಂಡು ಹೋದದ್ದು ಕೇಳಿಸಿತು. ಬೆಳಿಗ್ಗೆ ಇನ್ನೊಂದು ಇತ್ತು. ಅದರಲ್ಲಿ ಹೋದರೂ ಸಭೆಗೆ ಮುಟ್ಟುತ್ತಿದ್ದೆ.

ಕುಂಟೆಯನ್ನು ಗಾಡಿಯಲ್ಲಿ ಹಾಕಿದ ಮೇಲೆ ಆಳು ಹಣ ತೆಗೆಯಲು ಸೊಂಟಕ್ಕೆ ಕೈ ಹಾಕಿದ. ಇದು ಹುಬ್ಬಳ್ಳಿ, ಇದು ನನ್ನ ಕಾರ್ಖಾನೆ, ಇಲ್ಲಿ ಕೆಲಸ ಮುಗಿದ ದಿನವೇ ಹಣ ಎಂದು ಅವನೂ ಕೇಳಿದ್ದ.

"ಬ್ಯಾಡ" ಎಂದೆ. "ಆಯ ಮುಟ್ಟೇತಿ ಅಂತ ಹೇಳು ಅವ್ವಾರಿಗೆ."